ಆಟದಂಗಳ: ಫೆನ್‌ವೇ ಪಾರ್ಕಿಗೆ ಹೊರಟವರಿಗೆ

ಹಿಂದಿನ ಸಂಚಿಕೆಯಲ್ಲಿ ಮಗಳ ಊರಾದ ಬಾಸ್ಟನ್ನಿನ ಬೇಸ್‌ಬಾಲ್ ಮೈದಾನದ ಬಗ್ಗೆ ಸುಮ್ನೆ ಎರಡು ಮಾತು ಬರೆದಿದ್ದೆ. ಅದಕ್ಕೇ ಇಷ್ಟು ಕಾಗದ! ಕೊಡಗಿನ ಎಷ್ಟು ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ ಅನ್ನುವುದು ಇವುಗಳನ್ನು ನೋಡಿದರೆ ಗೊತ್ತಾಗುತ್ತದೆ. ಹಾಕಿಯ ಪೆನಾಲ್ಟಿ ಕಾರ್ನರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಿ. ಈ ಸಲ ಪೂರ್ತಿ ಬೇಸ್‌ಬಾಲ್.

ಪ್ರಶ್ನೆ: ಟೀಚರ್, ನಮಸ್ಕಾರ. ಜೂನ್‌ನಲ್ಲಿ ನಾನು ಮತ್ತು ನಮ್ಮ ಮನೆಯವರು ಬಾಸ್ಟನ್ನಿಗೆ ಮಗನ ಮನೆಗೆ ಹೋಗುತ್ತಿದ್ದೇವೆ. ಅವನು ಫೆನ್‌ವೇ ಪಾರ್ಕಿನ ಆಟಕ್ಕೆ ಟಿಕೆಟ್ ತೆಗೆದಿಟ್ಟಿದ್ದಾನೆ. ನಮಗೆ ಹಾಕಿ ಗೊತ್ತು, ಕ್ರಿಕೆಟ್ ಅಷ್ಟಿಷ್ಟು ಗೊತ್ತು. ಬೇಸ್‌ಬಾಲನ್ನು ಟಿವಿಯಲ್ಲಿ ನೋಡಿದರೆ ತಲೆಬುಡ ಅರ್ಥವಾಗಲಿಲ್ಲ. ಮೂರು ಗಂಟೆ ಸುಮ್ನೆ ಕೂತು ಬರಬೇಕಾ? (ಓದುಗರೊಬ್ಬರು, ವಿರಾಜಪೇಟೆ)

ಉತ್ತರ: ಖಂಡಿತ ಬೇಡ. ಮೊದಲು ನಿಯಮ ಮುಗಿಸಿಬಿಡೋಣ. ಚೆಂಡು ಎಸೆಯುವವನು ಪಿಚರ್. ಅವನಿಗೂ ಹೊಡೆಯುವವನಿಗೂ ನಡುವೆ 60 ಅಡಿ 6 ಇಂಚು. ಬೀಸಿ ತಪ್ಪಿದರೆ, ಇಲ್ಲವೇ ಗುರಿಗೆ ಸರಿಯಾಗಿ ಬಂದ ಚೆಂಡನ್ನು ಬಿಟ್ಟರೆ ಅದು ಸ್ಟ್ರೈಕ್. ಹೊಡೆಯುವವನಿಗೆ ಮೂರು ಸ್ಟ್ರೈಕ್ ಆದರೆ ಔಟ್. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಹೊಡೆಯುವವನು ಆರಾಮಾಗಿ ನಡೆದುಕೊಂಡು ಮೊದಲನೇ ಬೇಸಿಗೆ ಹೋಗುತ್ತಾನೆ. ಬೇಸ್ ಅಂದರೆ ಓಡುವವನು ಮುಟ್ಟಬೇಕಾದ ನಿಲ್ದಾಣ. ಒಂದೊಂದು ಬೇಸಿನ ನಡುವೆ 90 ಅಡಿ. ಮೂರು ಬೇಸು ದಾಟಿ ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಮೂವರು ಔಟಾದರೆ ಎದುರು ತಂಡದ ಸರದಿ. ಹೀಗೆ ಒಂಬತ್ತು ಇನ್ನಿಂಗ್ಸ್. ಹೋಗುವ ಮುಂಚೆ ಇಷ್ಟು ಸಾಕು. ಉಳಿದದ್ದು ಅಲ್ಲಿ ಕೂತಾಗ ತಾನಾಗಿ ತಿಳಿಯುತ್ತದೆ.

ಮೂರು ಗಂಟೆ ಅಂದಿರಲ್ಲ, ಈಗ ಅಷ್ಟು ಹಿಡಿಯುವುದಿಲ್ಲ. 2023ರಿಂದ ಪಿಚರಿಗೆ ಗಡಿಯಾರ ಇಟ್ಟಿದ್ದಾರೆ. ಬೇಸಿನಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಎಸೆಯಲು ಶುರು ಮಾಡಬೇಕು. ಹಾಗಾಗಿ ಎರಡೂವರೆ ಗಂಟೆಯ ಆಸುಪಾಸಿಗೆ ಮುಗಿಯುತ್ತದೆ. ಹಳೇ ಅಭಿಮಾನಿಗಳಲ್ಲಿ ಕೆಲವರಿಗೆ ಇದು ಇಷ್ಟವಿಲ್ಲ. ನನಗೇನೋ ಒಳ್ಳೆಯದೇ ಅನ್ನಿಸಿತು. ಪಿಚರ್ ಮೂಗು ಒರೆಸಿಕೊಳ್ಳುವುದನ್ನು ಎಷ್ಟು ಹೊತ್ತು ನೋಡುವುದು?

ಇನ್ನು ನೋಡುವುದು ಹೇಗೆ ಅನ್ನುವುದು. ಇದನ್ನು ನನಗೆ ಕಲಿಸಿದ್ದು ಮಗಳ ಕೆಳಮನೆಯ ಅಜ್ಜಿ. ಅಜ್ಜಿ ಅಂದರೆ ಹೆಚ್ಚುಕಡಿಮೆ ನನ್ನದೇ ವಯಸ್ಸು, ಮೊಮ್ಮಕ್ಕಳು ಕರೆಯುವ ಹಾಗೆ ನಾನೂ ಕರೆಯುತ್ತೇನೆ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಭಕ್ತೆ. ಊರಿನಲ್ಲಿ ಆಟ ಇದ್ದ ದಿನ ಬೆಳಿಗ್ಗೆಯೇ ಟೋಪಿ ಬಾಗಿಲ ಹತ್ತಿರ ಬಂದು ಕೂತಿರುತ್ತದೆ. ಆಕೆಯ ಜೊತೆ ನಾನು ಹೋದದ್ದರಿಂದ ಬೇಸ್‌ಬಾಲ್ ತಲೆಗೆ ಹತ್ತಿತು. ಮಗಳು ಅಳಿಯನ ಜೊತೆ ಹೋಗಿದ್ದರೆ ಫೋಟೊ ತೆಗೆದು, ಐಸ್‌ಕ್ರೀಂ ತಿಂದು ಬರುತ್ತಿದ್ದೆ.

ಆಕೆ ಗೇಟು ದಾಟಿದ ತಕ್ಷಣ ಮಾಡುವ ಮೊದಲ ಕೆಲಸ ಸ್ಕೋರ್ ಕಾರ್ಡ್ ಕೊಳ್ಳುವುದು. ಸಣ್ಣ ಸಣ್ಣ ಚೌಕಗಳಿರುವ ಹಾಳೆ. ಪೆನ್ಸಿಲ್ ಕಿವಿಯ ಮೇಲೆ. ಇನ್ನೊಂದು ಕಿವಿಯಲ್ಲಿ ರೇಡಿಯೊ, ಅದರ ಕಾಮೆಂಟರಿ ಆಟಕ್ಕಿಂತ ಒಂಚೂರು ಹಿಂದೆ ಬರುತ್ತದೆ. ಕಣ್ಣೆದುರು ಆದದ್ದನ್ನು ಮತ್ತೆ ಕೇಳಿ ತಲೆಯಾಡಿಸುತ್ತಾಳೆ. ಕೆಲವೊಮ್ಮೆ ಕಾಮೆಂಟರಿ ಹೇಳುವವನನ್ನೇ ಬೈಯುತ್ತಾಳೆ.

ಸ್ಕೋರ್ ಬರೆಯುವ ಕ್ರಮ ಕಲಿತುಕೊಳ್ಳಿ, ಐದು ನಿಮಿಷದ ಕೆಲಸ. ಫೀಲ್ಡಿಂಗ್ ಮಾಡುವ ಒಂಬತ್ತು ಜನರಿಗೂ ನಂಬರ್ ಇದೆ. ಬೆನ್ನ ಮೇಲಿನದಲ್ಲ, ನಿಲ್ಲುವ ಜಾಗದ ನಂಬರ್. ಪಿಚರ್ 1, ಹೊಡೆಯುವವನ ಹಿಂದೆ ಕೂರುವ ಕ್ಯಾಚರ್ 2, ಮೊದಲ ಬೇಸಿನವನು 3, ಎರಡನೆಯವನು 4, ಮೂರನೆಯವನು 5, ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಆಚೆ ದೂರದಲ್ಲಿ ಎಡದಿಂದ ಬಲಕ್ಕೆ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸಿಗೆ ಎಸೆದು, ಅಲ್ಲಿಂದ ಅದು ಮೊದಲ ಬೇಸಿಗೆ ಹೋಗಿ ಓಡುತ್ತಿದ್ದ ಇಬ್ಬರೂ ಔಟಾದರೆ 6-4-3 ಎಂದು ಬರೆಯುತ್ತಾರೆ. ಮೂರು ಸ್ಟ್ರೈಕಿಗೆ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಕೊನೆಯ ಸ್ಟ್ರೈಕಿಗೆ ಬ್ಯಾಟೇ ಬೀಸದೆ ನೋಡುತ್ತಾ ನಿಂತಿದ್ದರೆ ಅದೇ ಕೆ, ಆದರೆ ಉಲ್ಟಾ. ಸುಮ್ಮನೆ ನಿಂತು ಔಟಾದವನಿಗೆ ಕಾಗದದ ಮೇಲೂ ಅವಮಾನ! ನಾನು ವರ್ಷಗಟ್ಟಲೆ ಹಾಕಿ ಪಂದ್ಯಗಳ ಸ್ಕೋರ್ ಟೇಬಲಿನಲ್ಲಿ ಕೂತವಳು. ಅಲ್ಲಿ ಗೋಲು, ಕಾರ್ಡು, ಸಮಯ ಬರೆದರೆ ಮುಗಿಯಿತು. ಇಲ್ಲಿ ಒಂದೊಂದು ಚೆಂಡಿನ ದಾರಿಯೂ ಹಾಳೆಯ ಮೇಲೆ ಉಳಿಯುತ್ತದೆ. ಬರೆಯುತ್ತಾ ಕೂತರೆ ಬೇಸರ ಬರಲು ಪುರಸೊತ್ತೇ ಇರುವುದಿಲ್ಲ.

ಮೈದಾನವನ್ನು ಆಟ ಶುರುವಾಗುವ ಒಂದು ಗಂಟೆ ಮೊದಲೇ ಹೋಗಿ ನೋಡಿ. 1912ರ ಏಪ್ರಿಲ್ 20ರಂದು ಅಲ್ಲಿ ಮೊದಲ ಲೀಗ್ ಪಂದ್ಯ ನಡೆದದ್ದು. ಟೈಟಾನಿಕ್ ಮುಳುಗಿ ಆಗಿನ್ನೂ ಐದು ದಿನ. ಅಮೆರಿಕದ ದೊಡ್ಡ ಲೀಗಿನಲ್ಲಿ ಈಗ ಬಳಕೆಯಲ್ಲಿರುವ ಮೈದಾನಗಳಲ್ಲಿ ಇದೇ ಹಳೆಯದು. ಊರಿನ ಬೀದಿಗಳ ನಡುವೆ ಸಿಕ್ಕಿದಷ್ಟು ಜಾಗದಲ್ಲಿ ಕಟ್ಟಿದ್ದರಿಂದ, ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಗದ್ದೆಯ ಹಾಗೆ ಒಂದೊಂದು ಮೂಲೆಗೆ ಒಂದೊಂದು ಅಳತೆ. ಎಡಗಡೆ ಬೀದಿ ಹತ್ತಿರ ಬಂದುಬಿಟ್ಟಿದೆ. ಅದಕ್ಕೇ ಅಲ್ಲಿ 37 ಅಡಿ 2 ಇಂಚು ಎತ್ತರದ ಹಸಿರು ಗೋಡೆ. ಹೆಸರು ಗ್ರೀನ್ ಮಾನ್‌ಸ್ಟರ್. ಮೊದಲು ಅದರ ತುಂಬ ಜಾಹೀರಾತುಗಳಿದ್ದವು, 1947ರಲ್ಲಿ ಹಸಿರು ಬಳಿದರು. ಬೇರೆ ಮೈದಾನದಲ್ಲಿ ಸುಲಭವಾಗಿ ಕ್ಯಾಚ್ ಆಗುವ ಚೆಂಡು ಇಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದು ಯಾವ ಕಡೆಗೆ ಪುಟಿಯುತ್ತದೆ ಅನ್ನುವುದು ಊರಿನ ತಂಡದ ಫೀಲ್ಡರಿಗೆ ಗೊತ್ತು, ಹೊರಗಿನಿಂದ ಬಂದವನು ಪರದಾಡುತ್ತಾನೆ.

ಆ ಗೋಡೆಯ ಬುಡದಲ್ಲೇ ಸ್ಕೋರ್ ಬೋರ್ಡ್. ಇವತ್ತಿಗೂ ಕೈಯಿಂದಲೇ ನಂಬರ್ ಹಲಗೆ ಬದಲಾಯಿಸುತ್ತಾರೆ. ಗೋಡೆಯ ಒಳಗೆ ಮನುಷ್ಯರು ಕೂತಿರುತ್ತಾರೆ! ಬೋರ್ಡಿನ ಬಿಳಿ ಗೆರೆಗಳಲ್ಲಿ ಚುಕ್ಕಿ ಮತ್ತು ಗೀಟು ಕಾಣುತ್ತವೆ. ಅದು ಅಲಂಕಾರವಲ್ಲ. ತಂಡದ ಹಳೆಯ ಮಾಲೀಕ ಟಾಮ್ ಯಾಕಿ ಮತ್ತು ಅವರ ಹೆಂಡತಿ ಜೀನ್ ಅವರ ಹೆಸರಿನ ಮೊದಲಕ್ಷರಗಳು, ಮೋರ್ಸ್ ಸಂಕೇತದಲ್ಲಿ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದ ಹಿರಿಯರು ಜೊತೆಗಿದ್ದರೆ ಓದಿಸಿ ನೋಡಿ.

ಬಲಗಡೆ ದೂರದ ಗ್ಯಾಲರಿಯಲ್ಲಿ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ ಇದೆ. 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ದೂರ ಹೋಗಿ ಅಲ್ಲಿ ಬಿದ್ದಿತು. ಬಿದ್ದದ್ದು ಒಬ್ಬರ ತಲೆಯ ಮೇಲೆ. ಅವರು ಹಾಕಿಕೊಂಡಿದ್ದ ಹುಲ್ಲಿನ ಟೋಪಿ ತೂತಾಯಿತು, ಪುಣ್ಯಕ್ಕೆ ತಲೆ ಉಳಿಯಿತು. ಅಜ್ಜಿ ಪ್ರತಿ ಸಲವೂ ಆ ಕುರ್ಚಿ ಎಲ್ಲಿದೆ ಎಂದು ನನಗೆ ಕೈ ತೋರಿಸುತ್ತಾಳೆ. ನಾನೂ ಪ್ರತಿ ಸಲ ಹೊಸದಾಗಿ ನೋಡಿದವಳ ಹಾಗೆ ನೋಡುತ್ತೇನೆ.

ಆಕೆಗೆ ಇನ್ನೊಂದು ಜಾಗ ಮುಖ್ಯ. ಎಡಗಡೆ ಗೋಡೆಯ ತುದಿಯ ಹಳದಿ ಕಂಬ. 1975ರ ಅಕ್ಟೋಬರಿನಲ್ಲಿ ವರ್ಲ್ಡ್ ಸೀರೀಸಿನ, ಅಂದರೆ ಲೀಗಿನ ಫೈನಲ್ ಸರಣಿಯ, ಆರನೇ ಪಂದ್ಯ. ಎದುರಿಗೆ ಸಿನ್ಸಿನಾಟಿ ರೆಡ್ಸ್. ಒಂಬತ್ತರಲ್ಲಿ ಸಮ ಆದ ಆಟ ಹನ್ನೆರಡನೇ ಇನ್ನಿಂಗ್ಸಿಗೆ ಹೋಗಿ ಮಧ್ಯರಾತ್ರಿ ದಾಟಿದೆ. ಕಾರ್ಲ್‌ಟನ್ ಫಿಸ್ಕ್ ಹೊಡೆದ ಚೆಂಡು ಗೆರೆಯ ಆಚೆ ಹೋಗುತ್ತದೋ ಈಚೆ ಉಳಿಯುತ್ತದೋ ಗೊತ್ತಿಲ್ಲ. ಅವನು ಓಡುವುದನ್ನು ಬಿಟ್ಟು ಎರಡೂ ಕೈ ಬೀಸಿ ಚೆಂಡಿಗೆ "ಈಚೆ ಬಾ, ಈಚೆ ಬಾ" ಅನ್ನುತ್ತಿದ್ದಾನೆ. ಕಂಬಕ್ಕೆ ಬಡಿದರೆ ಈಚೆ ಎಂದೇ ಲೆಕ್ಕ. ಬಡಿಯಿತು, ಗೆದ್ದರು. ಆಗ ಆಕೆ ಹೈಸ್ಕೂಲು ಹುಡುಗಿ, ಅಪ್ಪನ ಜೊತೆ ಟಿವಿ ಮುಂದೆ ಕೂತಿದ್ದಳಂತೆ. ಮರುದಿನದ ಏಳನೇ ಪಂದ್ಯ ಸೋತರು, ಕಪ್ ಹೋಯಿತು. ಆದರೆ ಆಕೆ ಹೇಳುವುದು ಆರನೇ ಪಂದ್ಯದ ಕಥೆ ಮಾತ್ರ. ಅದೇ ವರ್ಷ ಮಾರ್ಚಿನಲ್ಲಿ ನಾವು ಕೌಲಾಲಂಪುರದ ವಿಶ್ವಕಪ್ ಹಾಕಿ ಫೈನಲಿಗೆ ರೇಡಿಯೊ ಸುತ್ತ ಕೂತಿದ್ದೆವು. ಪಾಕಿಸ್ತಾನದ ಮೇಲೆ 2-1. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಅದನ್ನು ನಾನು ಹೇಳಿದೆ, ಆಕೆ ಗೋವಿಂದ ಯಾವ ಜಾಗದಲ್ಲಿ ಆಡುತ್ತಿದ್ದರು ಎಂದು ಕೇಳಿದಳು. ಇಂಥ ಪ್ರಶ್ನೆ ಕೇಳುವವರು ಸಿಕ್ಕರೆ ಬಿಡಬೇಡಿ. ಪಕ್ಕದ ಸೀಟಿನಲ್ಲಿ ಪೆನ್ಸಿಲ್ ಹಿಡಿದ ಹಿರಿಯರು ಇದ್ದರೆ ಧೈರ್ಯವಾಗಿ ಮಾತಾಡಿಸಿ. ಹೊಸಬರಿಗೆ ಹೇಳಿಕೊಡುವುದು ಅವರಿಗೆ ಹಬ್ಬ.

ಮಗನಿಗೆ ಒಂದು ಮಾತು ಹೇಳಿ. ಸೀಟಿನ ಮುಂದೆ ಕಂಬ ಬರುತ್ತದಾ ಎಂದು ನೋಡಲಿ. ಹಳೇ ಕಟ್ಟಡ ಅಲ್ವಾ, ಚಾವಣಿ ಹೊತ್ತ ಕಬ್ಬಿಣದ ಕಂಬಗಳು ಕೆಲವು ಸೀಟಿನವರಿಗೆ ಪಿಚರನ್ನೇ ಮರೆಮಾಡುತ್ತವೆ. ಹಿಂದಿನ ಸಾಲುಗಳ ಮರದ ಸೀಟುಗಳು ಇಕ್ಕಟ್ಟು, ಮೊಣಕಾಲು ನೋವಿನವರು ಅಂಚಿನ ಸೀಟು ಹಿಡಿಯಿರಿ.

ಪ್ರಶ್ನೆ: ಬೇಸ್‌ಬಾಲ್ ಕ್ರಿಕೆಟ್ಟಿನ ಕಾಪಿ ಅಲ್ವಾ ಮೇಡಂ? ಹಾಸ್ಟೆಲಿನಲ್ಲಿ ಜಗಳವೇ ಆಗಿದೆ. (ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪ)

ಉತ್ತರ: ಅಲ್ಲ. ಎರಡೂ ಇಂಗ್ಲೆಂಡಿನ ಹಳೇ ಚೆಂಡು-ದೊಣ್ಣೆ ಆಟಗಳ ಕಡೆಯ ನೆಂಟರು. 1744ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮಕ್ಕಳ ಪುಸ್ತಕವೊಂದರಲ್ಲೇ ಬೇಸ್‌ಬಾಲಿನ ಹೆಸರಿದೆ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ ನಿಯಮ ಬರೆದಿಟ್ಟಿತು, ಇವತ್ತಿನ ಆಟ ಆ ದಾರಿಯಲ್ಲಿ ಬೆಳೆದದ್ದು. ಜಗಳ ಗೆಲ್ಲಲು ಇನ್ನೊಂದು ಅಸ್ತ್ರ ಕೊಡುತ್ತೇನೆ. ಎರಡು ದೇಶಗಳ ನಡುವಿನ ಮೊದಲ ಕ್ರಿಕೆಟ್ ಪಂದ್ಯ ನಡೆದದ್ದು ಇಂಗ್ಲೆಂಡ್ ಆಸ್ಟ್ರೇಲಿಯಾ ನಡುವೆ ಅಲ್ಲ, 1844ರಲ್ಲಿ ನ್ಯೂಯಾರ್ಕಿನಲ್ಲಿ, ಅಮೆರಿಕ ಮತ್ತು ಕೆನಡಾ ನಡುವೆ. ಪರೀಕ್ಷೆಗೂ ಸ್ವಲ್ಪ ಓದಿ.

ಪ್ರಶ್ನೆ: ನಮ್ಮ ಯಜಮಾನರು ಹದಿನೆಂಟು ವರ್ಷ "ಈ ಸಲ ಕಪ್ ನಮ್ದೇ" ಅಂದುಕೊಂಡು ಟಿವಿ ಮುಂದೆ ಕೂತವರು. 2025ರಲ್ಲಿ ಆರ್‌ಸಿಬಿ ಗೆದ್ದ ರಾತ್ರಿ ಚಿಕ್ಕ ಮಗುವಿನ ಹಾಗೆ ಅತ್ತರು. ಸೋಲುವ ತಂಡದ ಮೇಲೆ ಇಷ್ಟು ಪ್ರೀತಿ ಎಲ್ಲ ಕಡೆ ಇರುತ್ತದಾ, ನಮ್ಮ ಮನೆಯಲ್ಲಿ ಮಾತ್ರವಾ? (ಗೃಹಿಣಿ, ಕುಶಾಲನಗರ)

ಉತ್ತರ: ಹದಿನೆಂಟಕ್ಕೇ ಅತ್ತರಾ? ಅಜ್ಜಿಯ ತಂಡ ಕಾದದ್ದು 86 ವರ್ಷ.

1918ರ ಹೊತ್ತಿಗೆ ಬಾಸ್ಟನ್ ಐದು ಸಲ ವರ್ಲ್ಡ್ ಸೀರೀಸ್ ಗೆದ್ದಿತ್ತು. ಮರುವರ್ಷದ ಕೊನೆಗೆ ಮಾಲೀಕರು ಬೇಬ್ ರೂತ್ ಎಂಬ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿಬಿಟ್ಟರು. ಆವರೆಗೆ ಒಂದೂ ಕಪ್ ಕಾಣದ ಯಾಂಕೀಸ್ 2000ದ ಹೊತ್ತಿಗೆ 26 ಗೆದ್ದಿತು. ಬಾಸ್ಟನ್ನಿಗೆ ಸೊನ್ನೆ. ಇದು ಶಾಪ ಎಂದೇ ಜನ ಮಾತಾಡಿಕೊಂಡರು. 2004ರಲ್ಲಿ ಸೆಮಿಫೈನಲ್ ಅನ್ನಬಹುದಾದ ಸರಣಿಯಲ್ಲಿ ಅದೇ ಯಾಂಕೀಸ್ ಎದುರು ಮೊದಲ ಮೂರೂ ಪಂದ್ಯ ಸೋತರು. ಇನ್ನೊಂದು ಸೋತರೆ ಮನೆಗೆ. ನಾಲ್ಕನೆಯದು ಫೆನ್‌ವೇಯಲ್ಲಿ. ಒಂಬತ್ತನೇ ಇನ್ನಿಂಗ್ಸಿನಲ್ಲಿ ಒಂದು ರನ್ ಹಿಂದೆ. ಡೇವ್ ರಾಬರ್ಟ್ಸ್ ಎಂಬ ಬದಲಿ ಓಟಗಾರ ಎಲ್ಲರೂ ನೋಡುತ್ತಿದ್ದಂತೆಯೇ ಎರಡನೇ ಬೇಸ್ ಕದ್ದ. ಹೌದು, ಪಿಚರ್ ಎಸೆಯುತ್ತಿದ್ದಂತೆ ಓಡಿ ಮುಂದಿನ ಬೇಸ್ ಹಿಡಿಯುವುದಕ್ಕೆ ಅಲ್ಲಿ ಕದಿಯುವುದು ಅಂತಲೇ ಹೇಳುತ್ತಾರೆ. ಅಲ್ಲಿಂದ ಸಮ ಆಯಿತು, ಹನ್ನೆರಡನೇ ಇನ್ನಿಂಗ್ಸಿನಲ್ಲಿ ಡೇವಿಡ್ ಓರ್ಟಿಜ್ ಚೆಂಡನ್ನು ಗೋಡೆಯಾಚೆಗೆ ಅಟ್ಟಿ ಹೋಮ್ ರನ್ ಹೊಡೆದ. ಆಮೇಲಿನ ಮೂರೂ ಗೆದ್ದರು. ಮುಂದೆ ವರ್ಲ್ಡ್ ಸೀರೀಸಿನಲ್ಲಿ ಸೇಂಟ್ ಲೂಯಿಸ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿದರು. ಅಕ್ಟೋಬರ್ 27ರ ರಾತ್ರಿ, ಅವತ್ತೇ ಪೂರ್ಣ ಚಂದ್ರಗ್ರಹಣ! ಪಂಚಾಂಗ ನೋಡುವವರು ಏನು ಬೇಕಾದರೂ ಅರ್ಥ ಮಾಡಿಕೊಳ್ಳಿ.

ಗೆದ್ದ ಮೇಲೆ ಬಾಸ್ಟನ್ನಿನ ಜನ ಸ್ಮಶಾನಗಳಿಗೆ ಹೋದರು. ಗೆಲುವು ನೋಡದೆ ಸತ್ತ ಅಪ್ಪ, ಅಜ್ಜ, ಅಜ್ಜಿಯರ ಸಮಾಧಿಯ ಮೇಲೆ ತಂಡದ ಬಾವುಟ, ಟೋಪಿ, ಅವತ್ತಿನ ಪೇಪರ್ ಇಟ್ಟು ಬಂದರು. ಕೆಳಮನೆಯ ಅಜ್ಜಿಯೂ ಅಪ್ಪನಿಗೆ ಪೇಪರ್ ಇಟ್ಟು ಬಂದಿದ್ದಾಳೆ. ಮಗಳಿಗೆ ಇದು ವಿಚಿತ್ರ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಹಿರಿಯರ ಗುಡಿಯಾದ ಕೈಮಡದಲ್ಲಿ ಕಾರೋಣರಿಗೆ ಎಡೆ ಇಟ್ಟು ಮನೆಯ ಸುದ್ದಿ ಒಪ್ಪಿಸುವ ನಾಡಿನವಳು ನಾನು. ನಿಮ್ಮ ಯಜಮಾನರನ್ನು ಗೇಲಿ ಮಾಡಬೇಡಿ.

ಪ್ರಶ್ನೆ: ಟೀಚರ್, ಅಮೆರಿಕದ ಮೈದಾನ ಹೊಗಳಿದ್ದು ಸಾಕು. ನಮ್ಮ ಕೊಡವ ಕೌಟುಂಬಿಕ ಹಾಕಿಗೆ ಪ್ರತಿ ವರ್ಷ ಗ್ಯಾಲರಿ ಕಟ್ಟುವುದು, ಬಿಚ್ಚುವುದು. ನಮಗೂ ಫೆನ್‌ವೇ ತರಹ ಶಾಶ್ವತವಾದ ಒಂದು ಮೈದಾನ ಬೇಡವಾ? (ಹಾಕಿ ಅಭಿಮಾನಿ, ನಾಪೋಕ್ಲು)

ಉತ್ತರ: ನಾಪೋಕ್ಲುವಿನವರು ಕೇಳಿದ್ದೀರಿ ಅಂದರೆ ಆ ಶಾಶ್ವತ ಮೈದಾನ ಎಲ್ಲಿ ಆಗಬೇಕು ಅನ್ನುವುದೂ ನಿಮ್ಮ ಮನಸ್ಸಿನಲ್ಲಿದೆ! ಮಡಿಕೇರಿಯವರು, ಪೊನ್ನಂಪೇಟೆಯವರು ಒಪ್ಪಿಯಾರಾ?

ಮಕ್ಕಳ ತರಬೇತಿಗೆ ಒಳ್ಳೆಯ ಟರ್ಫ್ ಬೇಕು, ಎಷ್ಟಿದ್ದರೂ ಸಾಲದು. ಆದರೆ ಕೌಟುಂಬಿಕ ಹಾಕಿ ಒಂದೇ ಕಡೆ ನೆಲೆ ನಿಲ್ಲುವುದು ನನಗೆ ಬೇಡ. ಯಾಕೆ ಅಂತ ಹೇಳುತ್ತೇನೆ.

ಅಮೆರಿಕದಲ್ಲಿ ಆಟಗಾರರು ಇವತ್ತು ಈ ತಂಡ, ನಾಳೆ ಆ ತಂಡ. 2020ರ ಫೆಬ್ರವರಿಯಲ್ಲಿ ಬಾಸ್ಟನ್ ತನ್ನ ಮುದ್ದಿನ ಆಟಗಾರ ಮೂಕಿ ಬೆಟ್ಸ್‌ನನ್ನು ಲಾಸ್ ಏಂಜಲೀಸಿಗೆ ಬಿಟ್ಟುಕೊಟ್ಟಿತು. ಅಜ್ಜಿ ಇವತ್ತಿಗೂ ಆ ಮಾತು ಬಂದರೆ ಮುಖ ತಿರುಗಿಸುತ್ತಾಳೆ. ಕೋಚ್ ಬದಲಾಗುತ್ತಾರೆ, ಮಾಲೀಕರು ಬದಲಾಗುತ್ತಾರೆ. ಬದಲಾಗದೆ ಉಳಿಯುವುದು ಮೈದಾನ ಒಂದೇ. ಅಪ್ಪ ಕೂತ ಸಾಲು, ಅದೇ ಗೋಡೆ, ಅದೇ ಕೆಂಪು ಕುರ್ಚಿ. ಅಭಿಮಾನಿಯ ಪ್ರೀತಿ ನಿಲ್ಲಲು ಅಲ್ಲಿ ಬೇರೆ ಜಾಗವೇ ಇಲ್ಲ. 1999ರಲ್ಲಿ ಆಗಿನ ಮಾಲೀಕರು ಫೆನ್‌ವೇ ಬಿಟ್ಟು ಪಕ್ಕದಲ್ಲೇ ಹೊಸ ಮೈದಾನ ಕಟ್ಟಲು ಹೊರಟಾಗ ಅಭಿಮಾನಿಗಳು ಸಂಘ ಕಟ್ಟಿಕೊಂಡು ವಿರೋಧಿಸಿದರು. 2002ರಲ್ಲಿ ಬಂದ ಹೊಸ ಮಾಲೀಕರು ಹಳೆಯದನ್ನೇ ರಿಪೇರಿ ಮಾಡಿಸಿ ಉಳಿಸಿಕೊಂಡರು. ಗೋಡೆಯ ತಲೆಯ ಮೇಲೂ ಸೀಟು ಹಾಕಿದರು.

ನಮ್ಮಲ್ಲಿ ಆಟಗಾರರನ್ನು ಮಾರಲು ಬರುವುದಿಲ್ಲ. ಗೋಲ್ ಕೀಪರ್ ನಿಮ್ಮ ಚಿಕ್ಕಪ್ಪ, ಫಾರ್ವರ್ಡ್ ನಿಮ್ಮ ಅಣ್ಣನ ಮಗಳು. ಬೆಂಗಳೂರಿನಿಂದಲೋ ದುಬೈಯಿಂದಲೋ ರಜೆ ಹಾಕಿ ಬಂದು, ಮನೆಯ ಹೆಸರಿನ ಜೆರ್ಸಿ ಹಾಕಿಕೊಂಡು ನಿಂತವರು. ತಂಡ ಶಾಶ್ವತ. ಆದ್ದರಿಂದ ಮೈದಾನ ಓಡಾಡಬಹುದು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ತಂಡ. 2024ರಲ್ಲಿ ಕುಂಡ್ಯೋಳಂಡ ಕುಟುಂಬದವರು ನಿಮ್ಮ ನಾಪೋಕ್ಲುವಿನಲ್ಲೇ ನಡೆಸಿದಾಗ 360. ಮರುವರ್ಷ ಮುದ್ದಂಡದವರು ಮಡಿಕೇರಿಯಲ್ಲಿ ನಡೆಸಿದರು. ಪ್ರತಿ ವರ್ಷ ಒಂದೊಂದು ಕುಟುಂಬ ಹೆಗಲು ಕೊಟ್ಟದ್ದಕ್ಕೇ ಇದು ಇಷ್ಟು ಬೆಳೆದದ್ದು. 2018ರ ಮೇಲೆ ಗುಡ್ಡ ಕುಸಿತ, ಕೊರೋನಾ ಅಂತ ವರ್ಷಗಟ್ಟಲೆ ನಿಂತುಹೋದದ್ದು 2023ರಲ್ಲಿ ಮತ್ತೆ ಎದ್ದು ನಿಂತದ್ದೂ ಹಾಗೇ. ಸಿಮೆಂಟಿನ ಮೈದಾನವೊಂದು ಬಂದರೆ ಅದನ್ನು ನೋಡಿಕೊಳ್ಳಲು ಒಂದು ಸಮಿತಿ ಬರುತ್ತದೆ. ಆಮೇಲೆ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಶುರುವಾಗುತ್ತದೆ. ನನಗೆ ಆ ಸಮಿತಿಗಳೂ ಗೊತ್ತು.

ಒಂದು ವಿಷಯ ಮಾತ್ರ ಬಾಸ್ಟನ್ನಿನಿಂದ ಕಲಿಯಬಹುದು. ಗ್ಯಾಲರಿಯಲ್ಲಿ ಹೆಂಗಸರ ಶೌಚಾಲಯ. ಈ ಮಾತನ್ನು ದಯವಿಟ್ಟು ಮುಂದಿನ ಆತಿಥೇಯರಿಗೆ ತಲುಪಿಸಿ.

ಪ್ರಶ್ನೆ: ಅಲ್ಲಿ ತಿನ್ನುವುದೇನು? ಚಳಿ ಇರುತ್ತದಾ? ರಶ್ ತಪ್ಪಿಸಲು ಆಟ ಮುಗಿಯುವ ಮೊದಲೇ ಎದ್ದು ಬರಬಹುದಾ? (ಓದುಗರು, ಸೋಮವಾರಪೇಟೆ)

ಉತ್ತರ: ಸಿಪ್ಪೆ ಸಮೇತ ಕಡಲೆಕಾಯಿ ಕೊಳ್ಳಿ, ಸಿಪ್ಪೆ ಕಾಲ ಬುಡಕ್ಕೇ ಹಾಕುತ್ತಾರೆ. ನನಗೆ ಮೊದಲು ಮನಸ್ಸು ಬರಲಿಲ್ಲ, ಕೈಚೀಲದಲ್ಲಿ ತುಂಬಿಕೊಂಡೆ. ಬನ್ನಿನ ನಡುವೆ ಸಾಸೇಜ್ ಇಟ್ಟುಕೊಡುವ ಫೆನ್‌ವೇ ಫ್ರಾಂಕ್ ಅಲ್ಲಿ ಹೆಸರುವಾಸಿ. ಯಾವ ಮಾಂಸ ಎಂದು ಕೇಳಿ ತಿನ್ನಿ. ರುಚಿ ಪರವಾಗಿಲ್ಲ, ಆದರೆ ಪಂದಿಕರಿ ತಿಂದು ಬೆಳೆದ ನಾಲಗೆಗೆ ಸಪ್ಪೆ. ಬೆಲೆ ರೂಪಾಯಿಗೆ ಲೆಕ್ಕ ಹಾಕಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಏಪ್ರಿಲ್, ಮೇ ರಾತ್ರಿಗಳಲ್ಲಿ ಚಳಿ ಚೆನ್ನಾಗಿಯೇ ಇರುತ್ತದೆ, ಸ್ವೆಟರ್ ಬೇಕು. ಚೆಂಡು ಗ್ಯಾಲರಿಗೆ ಬಂದರೆ ವಾಪಸ್ ಕೊಡಬೇಕಾಗಿಲ್ಲ, ಹಿಡಿದವರಿಗೇ ಸೇರಿದ್ದು. ಹಾಗೆಂದು ಕೈ ಒಡ್ಡಬೇಡಿ, ಮೊಬೈಲ್ ಕೆಳಗಿಟ್ಟು ತಲೆ ಉಳಿಸಿಕೊಳ್ಳಿ.

ಏಳನೇ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ಮೈಮುರಿದು ಹಾಡುತ್ತಾರೆ, ನೀವೂ ಏಳಿ. ಎಂಟನೆಯದರ ನಡುವೆ ನೀಲ್ ಡೈಮಂಡ್ ಅವರ ಹಳೇ ಹಾಡೊಂದನ್ನು ಹಾಕುತ್ತಾರೆ, ಇಡೀ ಮೈದಾನ ಕಿರುಚುತ್ತದೆ. ಅಜ್ಜಿಗೆ ಅದು ಹೊಸಬರ ಗಲಾಟೆ. ಸರಿಯಾಗಿ ಆ ಹೊತ್ತಿಗೇ ಎದ್ದು ಬಾತ್‌ರೂಮಿಗೆ ಹೋಗುತ್ತಾಳೆ. ನಾನು ಮಾತ್ರ ಕೂತು ಹಾಡಿದ್ದೇನೆ, ಆಕೆಗೆ ಹೇಳಬೇಡಿ.

ಮೊದಲೇ ಏಳಬೇಡಿ. ಹಾಕಿಯಲ್ಲಿ ಎರಡು ನಿಮಿಷ ಉಳಿದು ನಾಲ್ಕು ಗೋಲು ಹಿಂದಿದ್ದರೆ ಲೆಕ್ಕ ಮುಗಿದಂತೆ. ಇಲ್ಲಿ ಸಮಯ ಮುಗಿದು ಆಟ ಮುಗಿಯುವುದಿಲ್ಲ. ಕೊನೆಯವನು ಔಟಾಗುವವರೆಗೂ ಎಷ್ಟು ರನ್ ಬೇಕಾದರೂ ಬರಬಹುದು, ಡ್ರಾ ಅನ್ನುವುದೂ ಇಲ್ಲ. ರಶ್ ಹೇಗೂ ತಪ್ಪದು. ಹತ್ತಿರದ ಸ್ಟೇಷನ್ ಕೆನ್ಮೋರ್, ಗ್ರೀನ್ ಲೈನ್ ರೈಲು. ಆಟ ಮುಗಿದ ತಕ್ಷಣ ಅಲ್ಲಿಗೆ ನುಗ್ಗಬೇಡಿ. ಅರ್ಧ ಗಂಟೆ ಸುತ್ತಮುತ್ತಲ ಬೀದಿಯಲ್ಲಿ ಅಡ್ಡಾಡಿ ಹೋದರೆ ಕೂರಲು ಸೀಟು ಸಿಗುತ್ತದೆ.